ಐಸಿಯುನಲ್ಲಿರುವ ಮಗುವಿಗೆ ಹಾಸಿಗೆಯಲ್ಲೇ ಎದೆ ಎಕ್ಸ್-ರೇ ತೆಗೆಸುವಾಗ
ವೆಂಟಿಲೇಟರ್ ಮೇಲಿರುವ ಮಗುವಿಗೆ ‘ದಿನಾ ಬೆಳಿಗ್ಗೆ ಒಂದು ಫಿಲ್ಮ್’ ಎಂದು ಬರೆದಿಡುವ ರೂಢಿ ಬಿಡಿ. ಶ್ವಾಸನಾಳಕ್ಕೆ ಟ್ಯೂಬ್, ಕತ್ತಿನ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಅಥವಾ ಎದೆ ಡ್ರೇನ್ (ಎದೆಯೊಳಗಿನ ಗಾಳಿ, ದ್ರವ ಹೊರತೆಗೆಯುವ ನಳಿಕೆ) ಹಾಕಿದ ಮೇಲೆ, ಆಕ್ಸಿಜನ್ ಬೇಡಿಕೆ ಇದ್ದಕ್ಕಿದ್ದಂತೆ ಏರಿದಾಗ ತೆಗೆಸಿ. ಏನು ತಿಳಿಯಬೇಕೋ ಅದನ್ನೇ ಚೀಟಿಯಲ್ಲಿ ಬರೆಯಿರಿ: ‘ಟ್ಯೂಬ್ ತುದಿ ಎಲ್ಲಿದೆ?’ ಒಂದು ಫಿಲ್ಮಿನ ವಿಕಿರಣ ಅತ್ಯಲ್ಪ, ಸುಮಾರು 0.02 ಮಿಲಿಸೀವರ್ಟ್. ಅದಕ್ಕಿಂತ ಭಯಪಡಬೇಕಾದದ್ದು ಮಗುವನ್ನು ಎತ್ತುವ ಆ ಅರ್ಧ ನಿಮಿಷಕ್ಕೆ. ಟ್ಯೂಬ್ ಕಿತ್ತುಬರುವುದು ಆಗಲೇ.

ಹಾಗಾಗಿ ಒಬ್ಬರು ಟ್ಯೂಬನ್ನು ತುಟಿಯ ಬಳಿಯೇ ಹಿಡಿದಿರಲಿ, ಇನ್ನೊಬ್ಬರು ಬೆನ್ನಡಿಗೆ ಡಿಟೆಕ್ಟರ್ (ಎಕ್ಸ್-ರೇ ಚಿತ್ರ ಹಿಡಿಯುವ ಹಲಗೆ) ತೂರಿಸಲಿ. ಎಳೆಗೂಸಾದರೆ ತಣ್ಣನೆಯ ಡಿಟೆಕ್ಟರಿಗೆ ಬೆಚ್ಚಗಿನ ಬಟ್ಟೆ ಸುತ್ತಿ, ಸುಕ್ಕಿರಬಾರದು. ಇಸಿಜಿ ತಂತಿಗಳನ್ನು ಎದೆಯಿಂದ ಪಕ್ಕಕ್ಕೆ ಸರಿಸಿ. ತಲೆ ನಡುವಿಗೆ ನೇರವಾಗಿರಲಿ. ಗದ್ದ ಎದೆಗೆ ಬಾಗಿದರೆ ಟ್ಯೂಬ್ ಕೆಳಗಿಳಿಯುತ್ತದೆ, ಕತ್ತು ಹಿಂದಕ್ಕೆ ಚಾಚಿದರೆ ಮೇಲೇರುತ್ತದೆ. ನವಜಾತ ಶಿಶುವಿನ ಶ್ವಾಸನಾಳವೇ ನಾಲ್ಕೈದು ಸೆಂಟಿಮೀಟರ್. ಅಲ್ಲಿ 1 ಸೆಂಟಿಮೀಟರ್ ಎಂದರೆ ಸಣ್ಣ ಮಾತಲ್ಲ. ಕತ್ತು ಬಾಗಿದ್ದ ಫಿಲ್ಮ್ ನೋಡಿ ಟ್ಯೂಬ್ ಹಿಂದಕ್ಕೆಳೆದರೆ, ಆಮೇಲೆ ಅದು ಹೊರಬರಬಹುದು. ಕತ್ತು ಹೇಗಿತ್ತು, ತುಟಿಯ ಬಳಿ ಟ್ಯೂಬಿನ ಗುರುತು ಎಷ್ಟಿತ್ತು, ಎರಡನ್ನೂ ಆಗಲೇ ಬರೆದಿಡಿ. ಉಸಿರು ಒಳಗೆ ಹೋದಾಗ ಗುಂಡಿ ಒತ್ತಬೇಕು. ಹಿಡಿದವರಿಗೆ ಲೆಡ್ ಏಪ್ರನ್ ಇರಲಿ, ಉಳಿದವರು 2 ಮೀಟರ್ ದೂರ ನಿಲ್ಲಲಿ.

ಫಿಲ್ಮ್ ಬಂದೊಡನೆ ಶ್ವಾಸಕೋಶಕ್ಕೆ ಕಣ್ಣು ಹಾಯಿಸಬೇಡಿ. ಎರಡು ಬದಿಯ ಪಕ್ಕೆಲುಬುಗಳ ಮುಂತುದಿ ಬೆನ್ನೆಲುಬಿನಿಂದ ಸಮದೂರದಲ್ಲಿವೆಯೇ? ಇಲ್ಲದಿದ್ದರೆ ಮಗು ತಿರುಗಿದೆ, ಒಂದು ಬದಿ ಸುಮ್ಮಸುಮ್ಮನೆ ಕಪ್ಪಾಗಿ ಕಾಣುತ್ತದೆ. ಆಮೇಲೆ ಟ್ಯೂಬ್: ತುದಿ ಕೊರಳೆಲುಬಿನ ಮಟ್ಟಕ್ಕೂ ಶ್ವಾಸನಾಳ ಕವಲೊಡೆಯುವ ಕ್ಯಾರೈನಾಕ್ಕೂ ನಡುವೆ ಇರಬೇಕು. ಎಡ ಶ್ವಾಸಕೋಶವೋ ಬಲದ ಮೇಲ್ಭಾಗವೋ ಬೆಳ್ಳಗಾಗಿ ಕುಗ್ಗಿದ್ದರೆ ಟ್ಯೂಬ್ ಬಲ ಕವಲಿಗೆ ಇಳಿದಿರುವುದೇ ಹೆಚ್ಚು. ಅನ್ನನಾಳಕ್ಕೆ ಹೋಗಿದೆಯೇ ಎಂಬುದನ್ನು ಮಾತ್ರ ಫಿಲ್ಮಿನಿಂದ ತೀರ್ಮಾನಿಸಬೇಡಿ. ಅದಕ್ಕೆ ಕ್ಯಾಪ್ನೋಗ್ರಫಿ ಇದೆ, ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ವಿಧಾನ. ಮೂಗಿನಿಂದ ಹೊಟ್ಟೆಗೆ ಹಾಕಿದ ನಳಿಕೆಯ ತುದಿ ವಪೆಯ (ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಕೆಳಗೆ, ಹೊಟ್ಟೆಯಲ್ಲಿರಬೇಕು.

ಅಂಗಾತ ಮಲಗಿದ ಮಗುವಿನಲ್ಲಿ ಶ್ವಾಸಕೋಶದಿಂದ ಸೋರಿದ ಗಾಳಿ ಎದೆಯ ಮುಂಭಾಗಕ್ಕೂ ಬುಡಕ್ಕೂ ಸೇರುತ್ತದೆ. ಮೇಲ್ತುದಿಯಲ್ಲಿ ಶ್ವಾಸಕೋಶದ ಅಂಚಿನ ಗೆರೆ ಹುಡುಕುತ್ತ ಕೂತರೆ ತಪ್ಪಿಹೋಗುತ್ತದೆ. ಪಕ್ಕೆ-ವಪೆ ಕೂಡುವ ಮೂಲೆ ಆಳವಾಗಿ ಕಪ್ಪಾಗಿದೆಯೇ, ಹೃದಯದ ಅಂಚು ಚಾಕುವಿನಂತೆ ಸ್ಪಷ್ಟವಾಗಿದೆಯೇ ನೋಡಿ. ಚರ್ಮದ ಮಡಿಕೆಯೂ ಇಂಥದ್ದೇ ಗೆರೆ ಬಿಡುತ್ತದೆ, ಆದರೆ ಅದು ಎದೆಗೂಡು ದಾಟಿಯೂ ಮುಂದುವರಿಯಬಹುದು, ಅದರಾಚೆಗೂ ರಕ್ತನಾಳಗಳ ನೆರಳು ಕಾಣುತ್ತದೆ. ಶಿಶುವಿನ ಎದೆಯಲ್ಲಿ ಸಹಜವಾಗಿಯೇ ಇರುವ ಥೈಮಸ್ ಗ್ರಂಥಿಯನ್ನು ನ್ಯುಮೋನಿಯಾ ಎಂದುಕೊಳ್ಳುವವರೂ ಉಂಟು.

ಒಂದು ಬದಿ ಉಸಿರಿನ ಸದ್ದಿಲ್ಲ, ರಕ್ತದೊತ್ತಡ ಕುಸಿಯುತ್ತಿದೆ ಎಂದರೆ ಸೋರಿದ ಗಾಳಿ ಒಳಗೆ ಒತ್ತುತ್ತಿರಬಹುದು, ಎಕ್ಸ್-ರೇ ಯಂತ್ರಕ್ಕೆ ಕಾಯಬೇಡಿ. ಮೊದಲು ಸೂಜಿ ಹಾಕಿ ಗಾಳಿ ಬಿಡಿಸಿ, ಫಿಲ್ಮ್ ಆಮೇಲೆ.