ಸ್ಪ್ಯಾಮ್ ಮೇಲ್‌ನಲ್ಲಿ ಬರುವ ಬಾಟ್‌ನೆಟ್: ನಾನು ಮೊದಲು ಮುಚ್ಚುವ ಬಾಗಿಲು

ಬಾಟ್‌ನೆಟ್ ಎಂದರೆ ಬಾಟ್ ಎಂಬ ಕಳ್ಳ ಪ್ರೋಗ್ರಾಮ್ ಹೊಕ್ಕು, ದೂರದ ಕಳ್ಳರ ಆಜ್ಞೆಯಂತೆ ನಡೆಯುವ ಕಂಪ್ಯೂಟರ್‌ಗಳ ಜಾಲ. ಅದನ್ನು ತಡೆಯುವ ಕೆಲಸವನ್ನು ನಾನು ಆಂಟಿವೈರಸ್‌ನಿಂದ ಶುರು ಮಾಡುವುದಿಲ್ಲ, ಫೈರ್‌ವಾಲ್‌ನಲ್ಲಿ ಹೊರಹೋಗುವ ದಾರಿಯಿಂದ ಶುರು ಮಾಡುತ್ತೇನೆ. ಒಳಬರುವ ಮೇಲ್‌ಗಳನ್ನು ಎಷ್ಟೇ ಸೋಸಿದರೂ ಒಂದಾದರೂ ನುಸುಳುತ್ತದೆ. ಮೇಲ್ ಸರ್ವರ್ ಬಿಟ್ಟು ಬೇರಾವ ಕಂಪ್ಯೂಟರೂ ಪೋರ್ಟ್ 25ರಲ್ಲಿ (ಮೇಲ್ ಸರ್ವರ್‌ಗಳು ಪರಸ್ಪರ ಮೇಲ್ ದಾಟಿಸುವ ದ್ವಾರ; ಸ್ಪ್ಯಾಮ್ ಬಾಟ್‌ಗಳೂ ಹೊರಗೆ ಕಳಿಸಲು ಇದನ್ನು ಬಳಸುತ್ತವೆ) ಹೊರಗೆ ಹೋಗದಂತೆ ತಡೆದು, ತಡೆದದ್ದನ್ನೆಲ್ಲ ಲಾಗ್ ಮಾಡುತ್ತೇನೆ. ಸಾಮಾನ್ಯ ಬಳಕೆದಾರರ ಮೇಲ್ ಲಾಗಿನ್ ಆಗಿ 587ರಲ್ಲಿ ಹೋಗುವುದರಿಂದ ಅವರಿಗೆ ತೊಂದರೆಯಿಲ್ಲ. ಒಂದು ಪಿಸಿ ಒಂದೇ ಸಮನೆ 25ರ ಬಾಗಿಲು ಬಡಿಯುತ್ತಿದ್ದರೆ ಅದರೊಳಗೆ ಬಾಟ್ ಇದೆ ಎಂದೇ ಹಿಡಿಯುತ್ತೇನೆ. ಈ ನಿಯಮ ಹಾಕಿದ ದಿನ ಮೊದಲು ನಿಲ್ಲುವುದು ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಹಳೆಯ ಪ್ರಿಂಟರ್; ಅದನ್ನು ಮುಂಚೆಯೇ ಒಳಗಿನ ಮೇಲ್ ಸರ್ವರ್‌ಗೆ ತಿರುಗಿಸಬೇಕು. ಕದ್ದ ಪಾಸ್‌ವರ್ಡ್ ಬಳಸಿ 587ರಲ್ಲೇ ಸ್ಪ್ಯಾಮ್ ಕಳಿಸುವ ಬಾಟ್‌ಗಳೂ ಇವೆ. ಅದಕ್ಕಾಗಿ ಒಂದು ಖಾತೆ ಗಂಟೆಗೆ ಇಂತಿಷ್ಟೇ ಮೇಲ್ ಕಳಿಸಬಹುದೆಂಬ ಮಿತಿಯೂ ಬೇಕು.

ಇನ್ನು ಅಟ್ಯಾಚ್‌ಮೆಂಟ್. 2022ರಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್‌ನಿಂದ ಬಂದ ಆಫೀಸ್ ಫೈಲುಗಳ ಮ್ಯಾಕ್ರೋಗಳನ್ನು (ಫೈಲಿನೊಳಗೇ ಇರುವ ಪುಟ್ಟ ಪ್ರೋಗ್ರಾಮ್‌ಗಳನ್ನು) ತಾನಾಗಿಯೇ ತಡೆಯತೊಡಗಿತು. ಆಗ ಕಳ್ಳರು ಐಎಸ್ಒ (ಡಿಸ್ಕ್ ನಕಲು), ಎಲ್ಎನ್‌ಕೆ (ಶಾರ್ಟ್‌ಕಟ್), ಒನ್‌ನೋಟ್ (ಟಿಪ್ಪಣಿ) ಫೈಲುಗಳ ಕಡೆ ಹೊರಳಿದರು. ಇವುಗಳ ಜತೆಗೆ ಜೆಎಸ್, ವಿಬಿಎಸ್ ಎಂಬ ಸ್ಕ್ರಿಪ್ಟ್ ಫೈಲುಗಳನ್ನೂ ಮೇಲ್ ಒಳಬರುವ ಗೇಟ್‌ವೇಯಲ್ಲೇ ತಡೆಯುತ್ತೇನೆ. ಪಾಸ್‌ವರ್ಡ್ ಹಾಕಿದ ಜಿಪ್‌ನ ಒಳಗೆ ಏನಿದೆಯೆಂದು ಸ್ಕ್ಯಾನರ್‌ಗೆ ಕಾಣುವುದಿಲ್ಲ, ಅದು ನೇರ ಕ್ವಾರಂಟೈನ್‌ಗೆ. 'ಫೈಲ್ ತುಂಬಾ ದೊಡ್ಡದಾದರೆ ಪರೀಕ್ಷಿಸದೆ ಬಿಡು' ಎಂಬ ಸೆಟ್ಟಿಂಗ್ ಇದ್ದರೆ ತೆಗೆಯಿರಿ. 2023ರ ಮಾರ್ಚ್‌ನಲ್ಲಿ ಎಮೋಟೆಟ್ ಎಂಬ ಬಾಟ್‌ನೆಟ್ ಪುಟ್ಟ ಜಿಪ್‌ನೊಳಗೆ 500 ಎಂಬಿಗೂ ದೊಡ್ಡ ವರ್ಡ್ ಫೈಲ್ ಅಡಗಿಸಿ ಕಳಿಸಿದ್ದು ಇದೇ ಸಡಿಲನ್ನು ನಂಬಿ.

'ಅಪರಿಚಿತರ ಮೇಲ್ ತೆರೆಯಬೇಡಿ' ಎಂಬ ಬುದ್ಧಿಮಾತು ಇಲ್ಲಿ ಅರ್ಧ ದಾರಿಯೂ ಬಾರದು. ಎಮೋಟೆಟ್, ಕ್ವಾಕ್‌ಬಾಟ್ ಎಂಬ ಎರಡೂ ಬಾಟ್‌ನೆಟ್‌ಗಳು ಕದ್ದ ಹಳೆಯ ಸಂಭಾಷಣೆಗೇ ಉತ್ತರ ಬರೆದಂತೆ ಮೇಲ್ ಕಳಿಸುತ್ತಿದ್ದವು. ಅದು ಪರಿಚಿತರ ಅಸಲಿ ಖಾತೆಯಿಂದಲೇ ಹೊರಟರೆ ಕಳಿಸಿದವರ ವಿಳಾಸ ಅಸಲಿಯೇ ಎಂದು ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರೂ ಪರೀಕ್ಷೆಗಳಲ್ಲಿ ಆ ಮೇಲ್ ಪಾಸಾಗುತ್ತದೆ. ಹಾಗಾಗಿ ವರ್ಡ್, ಎಕ್ಸೆಲ್‌ಗಳು ಆಜ್ಞೆಗಳನ್ನು ನಡೆಸುವ ಪವರ್‌ಶೆಲ್‌ನಂಥ ಇನ್ನೊಂದು ಪ್ರೋಗ್ರಾಮನ್ನು ಚಾಲೂ ಮಾಡದಂತೆ ವಿಂಡೋಸ್‌ನ ರಕ್ಷಣಾ ಪ್ರೋಗ್ರಾಮ್ ಡಿಫೆಂಡರ್‌ನ ನಿಯಮ ಹಾಕುತ್ತೇನೆ. ಮೊದಲ ಎರಡು ವಾರ ಅದು ಆಡಿಟ್ ಮೋಡ್‌ನಲ್ಲಿ (ತಡೆಯದೆ ಬರೀ ದಾಖಲಿಸುವ ಸ್ಥಿತಿಯಲ್ಲಿ) ಇರಲಿ, ಕೆಲವು ಆಡ್-ಇನ್‌ಗಳು ಇದರಿಂದ ಕೈಕೊಡುತ್ತವೆ.

ಸೋಂಕು ತಗುಲಿದರೆ ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ. ಯಂತ್ರವನ್ನು ಮಾತ್ರ ಆರಿಸಬೇಡಿ, ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ: ಪರಿಶೀಲಿಸಲೆಂದು ಅದೇ ಯಂತ್ರಕ್ಕೆ ಡೊಮೇನ್ ಅಡ್ಮಿನ್ (ಇಡೀ ನೆಟ್‌ವರ್ಕ್ ಮೇಲೆ ಅಧಿಕಾರವಿರುವ ಖಾತೆ) ಆಗಿ ಲಾಗಿನ್ ಆಗುತ್ತಾರೆ. ಬಾಟ್ ಕಾಯುತ್ತಿರುವುದೇ ಆ ಪಾಸ್‌ವರ್ಡ್‌ಗಾಗಿ. ಮೆಮೊರಿ, ಡಿಸ್ಕ್ ನಕಲು ತೆಗೆದ ಮೇಲೆ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕುತ್ತೇನೆ. 'ಕ್ಲೀನ್ ಆಯಿತು' ಎನ್ನುವ ಹಸಿರು ಟಿಕ್ ನಂಬುವುದಿಲ್ಲ. ಬ್ರೌಸರ್, ಔಟ್‌ಲುಕ್‌ನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಶುದ್ಧ ಯಂತ್ರದಿಂದ ಬದಲಿಸಬೇಕು. ಅಷ್ಟಕ್ಕೇ ಬಿಡಬೇಡಿ: ತೆರೆದಿರುವ ಸೆಷನ್‌ಗಳನ್ನು ಮುಚ್ಚಿಸಿ, ಮೇಲ್‌ಬಾಕ್ಸ್‌ನ ಫಾರ್ವರ್ಡ್ ನಿಯಮಗಳನ್ನು ಒಂದೊಂದಾಗಿ ನೋಡಿ. ಕಳ್ಳ ಅಲ್ಲಿ ಒಂದು ನಿಯಮ ಬಿಟ್ಟು ಹೋಗಿದ್ದರೆ ಪಾಸ್‌ವರ್ಡ್ ಬದಲಿಸಿದ ಮೇಲೂ ಮೇಲ್‌ನ ಪ್ರತಿ ಅವನಿಗೆ ಹೋಗುತ್ತಲೇ ಇರುತ್ತದೆ.