ಹೀಟ್ ಟ್ರೀಟ್‌ಮೆಂಟ್ ಫರ್ನೇಸ್‌ನಲ್ಲಿ ಗ್ಯಾಸ್ ಉಳಿತಾಯ: ಯಾವುದು ಮೊದಲು, ಯಾವುದು ಆಮೇಲೆ

ಉಕ್ಕಿನ ಬಿಡಿಭಾಗಗಳನ್ನು ಕಾಯಿಸಿ ಹದಗೊಳಿಸುವ ಫರ್ನೇಸ್‌ನಲ್ಲಿ ಗ್ಯಾಸ್ ಖರ್ಚು ಇಳಿಸಲು ಹೊರಟವರು ಮೊದಲು ವಿಚಾರಿಸುವುದು ರಿಕ್ಯುಪರೇಟರ್ ಬೆಲೆ, ಅಂದರೆ ಹೊರಹೋಗುವ ಹೊಗೆಯ ಶಾಖದಿಂದ ಬರ್ನರ್‌ಗೆ ಹೋಗುವ ಗಾಳಿಯನ್ನು ಕಾಯಿಸುವ ಸಾಧನದ ಬೆಲೆ. ಅದು ಕೊನೆಯ ಹೆಜ್ಜೆ. ಸೋರುವ ಫರ್ನೇಸ್‌ಗೆ ಅದನ್ನು ಕೂರಿಸಿದರೆ ಹಣ ಹಾಕಿದಷ್ಟು ಫಲ ಸಿಗುವುದಿಲ್ಲ.

ಒಂದು ವಾರ ಪ್ರತಿ ಬ್ಯಾಚಿಗೂ ಗ್ಯಾಸ್ ಮೀಟರ್ ರೀಡಿಂಗ್, ಮಾಲಿನ ತೂಕ, ಬುಟ್ಟಿ ಮತ್ತು ಟ್ರೇಗಳ ತೂಕವನ್ನು ಬರೆದಿಡಿ. ಒಂದು ಕಿಲೋ ಉಕ್ಕನ್ನು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 0.17 ಕಿಲೋವ್ಯಾಟ್ ಗಂಟೆ ಸಾಕು. ಅದಕ್ಕಿಂತ ಹೆಚ್ಚಾಗಿ ಉರಿದದ್ದೆಲ್ಲ ಚಿಮಣಿ, ಗೋಡೆ, ಬಾಗಿಲು ಮತ್ತು ಬುಟ್ಟಿಗಳ ಪಾಲು. 300 ಕಿಲೋ ಟ್ರೇ ಒಂದೇ ಪ್ರತಿ ಸಲ ಸುಮಾರು 50 ಕಿಲೋವ್ಯಾಟ್ ಗಂಟೆ ನುಂಗುತ್ತದೆ. ಗಡಸುಗೊಳಿಸಲು ಮಾಲಿನ ಜೊತೆ ಅದನ್ನೂ ಎಣ್ಣೆಗೆ ಮುಳುಗಿಸಿದರೆ ಅಷ್ಟೂ ಶಾಖ ಎಣ್ಣೆಯ ಪಾಲು. ಟ್ರೇ ಹಗುರ ಮಾಡುವುದು, ಅರೆ ತುಂಬಿದ ಬ್ಯಾಚ್ ಹಾಕದಿರುವುದು ಎರಡಕ್ಕೂ ಹೊಸ ಯಂತ್ರ ಬೇಡ.

ಮುಂದೆ ಒಳಗಿನ ಒತ್ತಡ. ನೇರ ಜ್ವಾಲೆಯ ಫರ್ನೇಸ್‌ನಲ್ಲಿ ತಳದ ಮಟ್ಟದ ಒತ್ತಡ ಹೊರಗಿಗಿಂತ ಕೆಲವೇ ಪ್ಯಾಸ್ಕಲ್ ಹೆಚ್ಚಿರುವಂತೆ ಡ್ಯಾಂಪರ್ (ಹೊಗೆ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ತಡೆಹಲಗೆ) ಹೊಂದಿಸಿ. ಕಡಿಮೆಯಾದರೆ ಬಾಗಿಲ ಸಂದಿನಿಂದ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಹೆಚ್ಚಾದರೆ ಬೆಂಕಿ ಹೊರಚಾಚಿ ಬಾಗಿಲ ಚೌಕಟ್ಟನ್ನು ಸುಡುತ್ತದೆ. ಸಂದುಗಳನ್ನು ಸೆರಾಮಿಕ್ ಫೈಬರ್ ಹಗ್ಗದಿಂದ ಮುಚ್ಚಿ. 900 ಡಿಗ್ರಿಯಲ್ಲಿ 100 ಚದರ ಸೆಂಟಿಮೀಟರ್ ಕಿಂಡಿಯಿಂದ ವಿಕಿರಣವಾಗಿಯೇ ಸುಮಾರು 1 ಕಿಲೋವ್ಯಾಟ್ ಸತತವಾಗಿ ಹೋಗುತ್ತಿರುತ್ತದೆ.

ಇದಾದ ಮೇಲೆಯೇ ಬರ್ನರ್‌ಗೆ ಕೈ ಹಾಕಿ. ಈ ಕ್ರಮ ತಪ್ಪಿದರೆ ದೊಡ್ಡ ಎಡವಟ್ಟಾಗುತ್ತದೆ: ಸಂದಿನಿಂದ ಬಂದ ಗಾಳಿಯಿಂದ ಹೊಗೆಯನ್ನು ಅಳೆಯುವ ಅನಲೈಸರ್‌ನಲ್ಲಿ ಆಮ್ಲಜನಕ ಹೆಚ್ಚು ಕಾಣುತ್ತದೆ, ಆಪರೇಟರ್ ಬರ್ನರ್‌ನ ಗಾಳಿ ತಗ್ಗಿಸುತ್ತಾನೆ, ಜ್ವಾಲೆಗೆ ಗಾಳಿ ಸಾಲದೆ ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಏಳುತ್ತದೆ. ಅನಲೈಸರ್ ಕೊಳವೆಯನ್ನು ಹೊಗೆ ಫರ್ನೇಸ್‌ನಿಂದ ಹೊರಬೀಳುವ ಜಾಗದಲ್ಲೇ ಇಡಿ, ಚಿಮಣಿಯ ಮೇಲೆ ಬೇಡ. ನೈಸರ್ಗಿಕ ಅನಿಲವಾದರೆ 2ರಿಂದ 3 ಶೇಕಡಾ ಆಮ್ಲಜನಕ ಗುರಿ. 2 ಶೇಕಡಾ ಎಂದರೆ ಸುಮಾರು 10 ಶೇಕಡಾ ಹೆಚ್ಚುವರಿ ಗಾಳಿ. ಪೂರ್ಣ ಉರಿ, ಸಣ್ಣ ಉರಿ ಎರಡರಲ್ಲೂ ಅಳೆಯಿರಿ. ಸಣ್ಣ ಉರಿಯಲ್ಲಿ ಗ್ಯಾಸ್-ಗಾಳಿಯ ಅನುಪಾತ ಬೇಗ ತಪ್ಪುತ್ತದೆ. ರೇಡಿಯಂಟ್ ಟ್ಯೂಬ್‌ಗಳಿದ್ದರೆ (ಜ್ವಾಲೆ ಒಳಗೇ ಉರಿದು ಹೊರಮೈಯಿಂದ ಶಾಖ ಕೊಡುವ ಕೊಳವೆಗಳು) ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು. ಕಾರ್ಬನ್ ಮೊನಾಕ್ಸೈಡ್ ಏರತೊಡಗಿದರೆ ಗಾಳಿಯನ್ನು ತುಸು ಹೆಚ್ಚಿಸಿ.

ಸೋಕಿಂಗ್ ಸಮಯವನ್ನು, ಅಂದರೆ ಮಾಲನ್ನು ನಿಗದಿತ ತಾಪದಲ್ಲಿ ಇರಿಸುವ ಸಮಯವನ್ನು, ರೂಢಿಗೆ ಬಿಡಬೇಡಿ. ದಪ್ಪನೆಯ ಬಿಡಿಭಾಗದ ನಡುವೆ ತಾಪ ಅಳೆಯುವ ಥರ್ಮೋಕಪಲ್ ಹಾಕಿ, ಆ ನಡುಭಾಗ ಯಾವಾಗ ತಾಪಕ್ಕೆ ಬರುತ್ತದೆಂದು ನೋಡಿ. ಗ್ರಾಹಕರೇ ಸಮಯ ನಿಗದಿ ಮಾಡಿರುವಲ್ಲಿ ಮಾತ್ರ ಅದನ್ನು ಬದಲಿಸಲು ಹೋಗಬೇಡಿ.

ಈಗ ರಿಕ್ಯುಪರೇಟರ್. ಹೊಗೆ 900 ಡಿಗ್ರಿ ಇದ್ದು ಗಾಳಿ 400 ಡಿಗ್ರಿಗೆ ಕಾದರೆ ಗ್ಯಾಸ್‌ನಲ್ಲಿ ಸುಮಾರು ಐದನೇ ಒಂದು ಪಾಲು ಉಳಿಯುತ್ತದೆ. ಆದರೆ ಅಷ್ಟು ಕಾದ ಗಾಳಿ ಎರಡು ಪಟ್ಟಿಗೂ ಹೆಚ್ಚು ಹಿಗ್ಗಿರುತ್ತದೆ. ತಣ್ಣಗಿದ್ದಾಗ ಮಾಡಿದ ಸೆಟ್ಟಿಂಗ್‌ನಲ್ಲಿ ಬರ್ನರ್‌ಗೆ ಗಾಳಿ ಸಾಲದು. ಹಾಗಾಗಿ ಫರ್ನೇಸ್ ಪೂರ್ತಿ ಕಾದ ಮೇಲೆ ಅನುಪಾತವನ್ನು ಮತ್ತೆ ಹೊಂದಿಸಿ. ಬರ್ನರ್, ಗಾಳಿ ಕೊಳವೆ, ವಾಲ್ವ್‌ಗಳು ಆ ಬಿಸಿಯನ್ನು ತಾಳುತ್ತವೆಯೇ ಎಂಬುದನ್ನು ಆರ್ಡರ್ ಕೊಡುವ ಮೊದಲೇ ತಯಾರಕರಿಂದ ಬರಹದಲ್ಲಿ ಪಡೆದುಕೊಳ್ಳಿ.