ಕೊಡಗಿನಿಂದ ಸ್ಕೂಬಾಗೆ ಹೊರಟವರು ದ್ವೀಪ ಆರಿಸುವ ಬಗೆ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಲಕ್ಷದ್ವೀಪವೋ, ಅಂಡಮಾನೋ, ಮಾಲ್ಡೀವ್ಸೋ? ಇದು ನಿಜಕ್ಕೂ ಮೂರನೆಯ ಪ್ರಶ್ನೆ. ತೋಟ ಬಿಟ್ಟು ಹೊರಡಲು ಯಾವ ತಿಂಗಳು ಪುರುಸೊತ್ತು ಎಂಬುದು ಮೊದಲನೆಯದು. ನಿಮ್ಮ ಡೈವಿಂಗ್ ಕಾರ್ಡ್, ಅಂದರೆ ತರಬೇತಿ ಮುಗಿಸಿದವರಿಗೆ ಕೊಡುವ ಪ್ರಮಾಣಪತ್ರ, ಎಷ್ಟು ಮೀಟರ್ ಆಳದವರೆಗೆ ಬಿಡುತ್ತದೆ ಎಂಬುದು ಎರಡನೆಯದು. ಇವೆರಡಕ್ಕೆ ಉತ್ತರ ಬರೆದಿಟ್ಟುಕೊಂಡರೆ ಪಟ್ಟಿಯ ಅರ್ಧ ಹೆಸರು ತಾನಾಗಿ ಬಿದ್ದುಹೋಗುತ್ತದೆ. ಇನ್ನೊಂದು ಪ್ರಶ್ನೆ ಬಯಲುಸೀಮೆಯವರಿಗಿಂತ ಕೊಡಗಿನವರನ್ನು ಹೆಚ್ಚು ಕಾಡಬೇಕಾದದ್ದು: ಡೈವ್ ಮುಗಿಸಿ ಘಟ್ಟ ಹತ್ತುವುದು ಯಾವಾಗ?

ಮೊದಲು ತಿಂಗಳು

ಗಾಳಿ ಬಂದಾಗ ತೂರಿಕೊಳ್ಳಬೇಕು ಎನ್ನುವುದು ಕಣದ ಮಾತು. ಸಮುದ್ರದಲ್ಲಿ ಅದು ತಿರುಗುಮುರುಗು, ಗಾಳಿ ನಿಂತಾಗ ಹೊರಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲಕಾವೇರಿಯ ಮೇಲೆ ಮಳೆ ಸುರಿಸುವ ನೈರುತ್ಯ ಮಾರುತವೇ ಅರಬ್ಬಿ ಸಮುದ್ರವನ್ನೂ ಕಲಕುತ್ತದೆ. ಭಾಗಮಂಡಲದ ಸಂಗಮ ತುಂಬಿ ರಸ್ತೆಗೆ ನೀರು ಬಂದಿದೆ ಎಂಬ ಸುದ್ದಿ ಬಂತೆಂದರೆ ಮುರುಡೇಶ್ವರದಿಂದ ಡೈವಿಂಗ್ ಬೋಟ್ ಹೊರಡುವುದಿಲ್ಲ, ಲಕ್ಷದ್ವೀಪದ ಪ್ರವಾಸವೂ ಬಹುಪಾಲು ನಿಂತಿರುತ್ತದೆ ಎಂದೇ ತಿಳಿಯಿರಿ.

ತೊಂದರೆ ಏನೆಂದರೆ ತೋಟದವರಿಗೆ ಪುರುಸೊತ್ತು ಸಿಗುವುದೇ ಆಗ. ಅರೇಬಿಕಾ ಕುಯ್ಲು ನವೆಂಬರ್‌ನಲ್ಲಿ ಶುರುವಾದರೆ ರೋಬಸ್ಟಾ ಮುಗಿಯುವಾಗ ಮಾರ್ಚ್. ನಡುವೆ ಕರಿಮೆಣಸು, ಕಣ, ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್. ಪ್ರವಾಸದ ಜಾಹೀರಾತುಗಳು 'ಸೀಸನ್' ಎಂದು ಕೂಗುವ ಡಿಸೆಂಬರ್‌ನಿಂದ ಮಾರ್ಚ್ ಅವಧಿಯಲ್ಲಿ ಬೆಳೆಗಾರ ಮನೆ ಬಿಡುವ ಹಾಗಿಲ್ಲ. ಹಾಗಾಗಿ ಉಳಿಯುವುದು ಮೂರು ಕಿಂಡಿ.

ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದು ಸುಗ್ಗಿ ಹಬ್ಬ ಪುತ್ತರಿಯವರೆಗಿನ ದಿನಗಳು ಮೊದಲನೆಯದು. ಆಗ ಪಶ್ಚಿಮಕ್ಕೆ ಹೋಗಿ: ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ, ಲಕ್ಷದ್ವೀಪ. ಅದೇ ಹೊತ್ತಿಗೆ ಅಂಡಮಾನ್ ಕಡೆ ಈಶಾನ್ಯ ಮಾರುತದ ಮಳೆ ಇರುತ್ತದೆ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲವೂ ಅದೇ. ಅರಬ್ಬಿ ಸಮುದ್ರಕ್ಕೆ ಚಂಡಮಾರುತ ಬಾರದೆಂದಲ್ಲ. 2017ರ ಓಖಿ ನವೆಂಬರ್ ಕೊನೆಯಲ್ಲಿ ಎದ್ದು ಡಿಸೆಂಬರ್ ಮೊದಲಿಗೆ ಲಕ್ಷದ್ವೀಪವನ್ನೇ ಹೊಡೆದಿತ್ತು. ಹಣ ಕಟ್ಟುವ ಮುನ್ನ ಹವಾಮಾನದಿಂದ ರದ್ದಾದರೆ ವಾಪಸ್ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ.

ಎರಡನೆಯದು ಏಪ್ರಿಲ್‌ನಿಂದ ಮೇ ಮೊದಲ ವಾರ. ಮಕ್ಕಳಿಗೂ ರಜೆ. ಇದು ಅಂಡಮಾನ್ ಕಾಲ, ಸಮುದ್ರ ಎಣ್ಣೆ ಹರಡಿದಂತೆ ಸಪಾಟು. ಮೇ ಎರಡನೆಯ ಪಾಕ್ಷಿಕದಲ್ಲಿ ಮುಂಗಾರು ಮೊದಲು ಕಾಲಿಡುವುದೇ ಅಂಡಮಾನ್‌ಗೆ, ಆದ್ದರಿಂದ ಎಳೆದಾಡಬೇಡಿ.

ಮೂರನೆಯದು ಮಳೆಗಾಲ. ಜೂನ್‌ನಿಂದ ಆಗಸ್ಟ್‌ನಲ್ಲಿ ಮಾತ್ರ ಬಿಡುವು ಎನ್ನುವವರು ದೇಶದೊಳಗೆ ಹುಡುಕುವುದು ಬಿಡಿ. ನೈರುತ್ಯ ಗಾಳಿಗೆ ಶ್ರೀಲಂಕಾದ ನಡುವಿನ ಬೆಟ್ಟಗಳೇ ಅಡ್ಡಗೋಡೆ. ಆದ್ದರಿಂದ ಮಡಿಕೇರಿಯಲ್ಲಿ ಛತ್ರಿ ಮಡಚಲಾಗದ ದಿನಗಳಲ್ಲಿ ಅಲ್ಲಿನ ಪೂರ್ವ ಕರಾವಳಿಯ ತ್ರಿಂಕೋಮಲಿ ಶಾಂತವಾಗಿರುತ್ತದೆ. ಬಾಲಿಯಲ್ಲೂ ಆಗ ಒಣಗಾಲ. ಅಲ್ಲಿನ ತುಲಂಬೆನ್‌ನಲ್ಲಿ ಲಿಬರ್ಟಿ ಎಂಬ ಹಡಗಿನ ಅವಶೇಷವಿದೆ. 1942ರಲ್ಲಿ ಟಾರ್ಪೆಡೊ ಏಟು ತಿಂದು ದಡ ಸೇರಿದ್ದ ಹಡಗು, 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ಬೋಟ್ ಬೇಡ, ದಡದಿಂದಲೇ ನಡೆದು ಇಳಿಯಬಹುದು. ಅದೇ ಬಾಲಿಯ ಪಕ್ಕದ ನುಸಾ ಪೆನಿಡಾದಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ಕೆಳಗಿನಿಂದ ತಣ್ಣೀರು ಉಕ್ಕಿ ಬರುತ್ತದೆ, 20 ಡಿಗ್ರಿಗೆ ಇಳಿಯುವುದೂ ಉಂಟು. 3 ಮಿ.ಮೀ. ದಪ್ಪದ ಡೈವಿಂಗ್ ಸೂಟ್ ಸಾಲದು, 5 ಮಿ.ಮೀ. ಕೇಳಿ.

ಮಾಲ್ಡೀವ್ಸ್ ಮಳೆಗಾಲದಲ್ಲೂ ಬಾಗಿಲು ಮುಚ್ಚುವುದಿಲ್ಲ. ನೀರು ಸ್ವಲ್ಪ ಮಬ್ಬು, ಆದರೆ ಮಬ್ಬಿಗೆ ಕಾರಣವಾದ ಪ್ಲವಕಗಳನ್ನು, ಅಂದರೆ ತೇಲುವ ಸೂಕ್ಷ್ಮಜೀವಿಗಳನ್ನು, ತಿನ್ನಲು ಮಾಂಟಾ ಎಂಬ ದೊಡ್ಡ ತೊರಕೆ ಮೀನುಗಳು ಬರುವುದೂ ಆಗಲೇ. ಬಾ ಎಂಬ ಅಟಾಲ್ (ಉಂಗುರದಂತಿರುವ ಹವಳ ದ್ವೀಪಗಳ ಗುಂಪು)‌ನ ಹನಿಫಾರು ಕೊಲ್ಲಿ ಅದಕ್ಕೆ ಹೆಸರಾದದ್ದು. ಅಲ್ಲಿ ಸ್ಕೂಬಾ ನಿಷಿದ್ಧ, ಕೊಳವೆಯಿಂದ ಉಸಿರಾಡುತ್ತಾ ಮೇಲೇ ತೇಲುವ ಸ್ನಾರ್ಕೆಲ್ ಮಾತ್ರ. ಸಿಲಿಂಡರ್ ಕಟ್ಟಿಕೊಂಡು ಮಾಂಟಾ ನೋಡುತ್ತೇವೆ ಎಂದು ಅಲ್ಲಿಗೆ ದುಡ್ಡು ಸುರಿದು ಬೇಸರಪಟ್ಟುಕೊಳ್ಳಬೇಡಿ.

ಕಾರ್ಡ್ ಮತ್ತು ಗಾಳಿಯ ಲೆಕ್ಕ

ಯಾವ ತರಬೇತಿಯೂ ಇಲ್ಲದೆ ಬೋಧಕರ ಕೈ ಹಿಡಿದು ಇಳಿಯುವ ಪರಿಚಯ ಡೈವ್‌ಗೆ ಮಿತಿ 12 ಮೀಟರ್. ಮೊದಲ ಹಂತದ ಓಪನ್ ವಾಟರ್ ಕಾರ್ಡ್‌ಗೆ 18, ಅದರ ಮುಂದಿನ ಅಡ್ವಾನ್ಸ್ಡ್‌ಗೆ 30. ಮಾಲ್ಡೀವ್ಸ್‌ನಲ್ಲಿ 30 ಮೀಟರ್ ದಾಟುವುದು ಕಾನೂನಿಗೇ ವಿರುದ್ಧ. ಆಳ ಹೆಚ್ಚಿದಷ್ಟೂ ಚೆಂದ ಎನ್ನುವುದು ಹೊಸಬರ ದೊಡ್ಡ ತಪ್ಪು ತಿಳಿವಳಿಕೆ. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರಿನದು, 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿರುತ್ತಾರೆ. 50 ಬಾರ್ ಮೀಸಲು ಬಿಟ್ಟರೆ ಬಳಸಲು ಸಿಗುವುದು 150 ಬಾರ್, ಅಂದರೆ 1,650 ಲೀಟರ್ ಗಾಳಿ. ಹೊಸಬರು ಗಾಬರಿಯಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುತ್ತಾರೆ ಎಂದುಕೊಳ್ಳಿ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಆದ್ದರಿಂದ 40 ಲೀಟರ್: ಸುಮಾರು 41 ನಿಮಿಷ. 20 ಮೀಟರ್‌ನಲ್ಲಿ 27 ನಿಮಿಷ. 30 ಮೀಟರ್‌ನಲ್ಲಿ 20 ನಿಮಿಷವೇ. ಇದರಲ್ಲಿ ಇಳಿಯುವ, ಏರುವ ಸಮಯವೂ ಸೇರಿದೆ. ದುಡ್ಡು ಅಷ್ಟೇ, ನೋಡಲು ಸಿಗುವುದು ಅರ್ಧ. ಬೆಳಕೂ ಬಣ್ಣವೂ ಹೆಚ್ಚು ಇರುವುದು ಮೇಲಿನ 15 ಮೀಟರ್‌ನಲ್ಲೇ.

ಆದ್ದರಿಂದ ಮೊದಲ ಪ್ರವಾಸಕ್ಕೆ ಲಗೂನ್ ಇರುವ ದ್ವೀಪ ನೋಡಿ. ಲಕ್ಷದ್ವೀಪದ ಕಡಮತ್, ಕವರತ್ತಿ, ಬಂಗಾರಂ ಇದಕ್ಕೆ ಹೇಳಿ ಮಾಡಿಸಿದವು: ಸುತ್ತ ಹವಳದ ಬೇಲಿ, ಒಳಗೆ ಕೆರೆಯಂಥ ನೀರು. ಅಂಡಮಾನ್‌ನ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಳೆಯ ಹೆಸರಿನ ಹ್ಯಾವ್ಲಾಕ್‌ನಲ್ಲಿ, ದಡದ ಬಳಿಯೇ ಕಲಿಸುವ ಆಳವಿಲ್ಲದ ಜಾಗಗಳಿವೆ. ಅಲ್ಲಿನ ಡಿಕ್ಸನ್ಸ್ ಪಿನಕಲ್, ಜಾನೀಸ್ ಗಾರ್ಜ್ ಎಂಬ ಹೆಸರುಗಳನ್ನು ಕೇಳಿ ಆಸೆಪಡಬೇಡಿ, ಅವು ಅಡ್ವಾನ್ಸ್ಡ್ ಕಾರ್ಡಿನವರಿಗೆ.

ಮಾಲ್ಡೀವ್ಸ್‌ನ ಹೆಸರಾಂತ ಜಾಗಗಳು ಅಟಾಲ್‌ಗಳ ಅಂಚನ್ನು ಸೀಳುವ ಕಾಲುವೆಗಳು, 'ಕಂಡು' ಎನ್ನುತ್ತಾರೆ. ಸಮುದ್ರವೆಲ್ಲ ಆ ಸಂದಿಯಲ್ಲಿ ನುಗ್ಗುತ್ತದೆ. ದುಬಾರೆಯಲ್ಲಿ ಆಗಸ್ಟ್ ತಿಂಗಳ ಕಾವೇರಿಗೆ ಎದುರಾಗಿ ನಿಂತಂತೆ. ಶಾರ್ಕ್ ಬರುವುದು ಆ ಸೆಳೆತಕ್ಕಾಗಿಯೇ, ಹೊಸಬರು ಹೆದರುವುದೂ ಅದಕ್ಕೇ. ಇಂಡೋನೇಷ್ಯಾದ ಕೊಮೊಡೊ ಕೂಡ ಹಾಗೆಯೇ. ಕನಿಷ್ಠ 30-40 ಡೈವ್ ಆದ ಮೇಲೆ ಅತ್ತ ಹೋದರೆ ದುಡ್ಡಿಗೆ ಬೆಲೆ.

ಕಾರ್ಡ್ ಇಲ್ಲದವರು ಓಪನ್ ವಾಟರ್ ಕೋರ್ಸ್ ಮಾಡುವುದಾದರೆ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ವೇಗ ಯಾರೂ ನೋಡುವುದಿಲ್ಲ. ಊರಲ್ಲೇ ಈಜುಕೊಳ ಹುಡುಕಿ ಎರಡು ತಿಂಗಳು ಅಭ್ಯಾಸ ಮಾಡಿ. ಹಾರಂಗಿ, ಚಿಕ್ಲಿಹೊಳೆ ಹಿನ್ನೀರು ಬೇಡ. ಕೆಸರು, ಮುಳುಗಿದ ಮರದ ಬೊಡ್ಡೆ ಎರಡೂ ಕಾಣುವುದಿಲ್ಲ.

ಆರೋಗ್ಯದ ಫಾರ್ಮ್ ಊರಲ್ಲೇ ತುಂಬಿ. ಆಸ್ತಮಾ, ಹೃದಯ, ಬಿಪಿ, ಕಿವಿ ಆಪರೇಷನ್ ಇದ್ದರೆ ವೈದ್ಯರ ಸಹಿ ಬೇಕು, ದ್ವೀಪಕ್ಕೆ ಹೋದ ಮೇಲೆ ವೈದ್ಯರನ್ನು ಹುಡುಕುತ್ತಾ ಒಂದು ದಿನ ಹಾಳಾಗುತ್ತದೆ. ಮಳೆಗಾಲದಲ್ಲಿ ಕೊಡಗಿನಿಂದ ಹೊರಡುವವರ ಜೊತೆಗೆ ಶೀತವೂ ಹೊರಡುತ್ತದೆ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಹೊಂದುವುದಿಲ್ಲ. ಮಾತ್ರೆ ನುಂಗಿ ಇಳಿಯಬಹುದು, ಆದರೆ ಅದರ ಪ್ರಭಾವ ನೀರಿನೊಳಗೇ ಮುಗಿದರೆ ಏರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ಆ ನೋವು ಇಳಿಯುವಾಗಿನದಕ್ಕಿಂತ ಕೆಟ್ಟದ್ದು.

ತಲುಪುವುದು, ಕಾಗದಪತ್ರ

ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಪೊಲೀಸ್ ಪರಿಶೀಲನೆಯ ಪತ್ರ ಕೇಳಿದರೆ ಠಾಣೆಗೆ ಅಲೆಯಲು ಸಮಯವಿರಲಿ, ಒಂದು ತಿಂಗಳು ಮೊದಲೇ ಶುರುಮಾಡಿ. ಕೊಚ್ಚಿಯಿಂದ ಅಗತ್ತಿಗೆ ವಿಮಾನವಿದೆ, ರನ್‌ವೇ ಚಿಕ್ಕದು, ವಿಮಾನವೂ ಚಿಕ್ಕದು, ಸಾಮಾನಿನ ಮಿತಿ ಬಿಗಿ. ಹಡಗು ಅಗ್ಗ, ಆದರೆ ಒಂದು ರಾತ್ರಿ ಅದರಲ್ಲೇ. ವಿರಾಜಪೇಟೆ ಕಡೆಯವರ ಮಲಯಾಳಂ ಮಿನಿಕಾಯ್ ಬಿಟ್ಟು ಉಳಿದೆಡೆ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಅಂಡಮಾನ್‌ಗೆ ಪರವಾನಗಿಯ ರಗಳೆ ಇಲ್ಲ. ಬೆಂಗಳೂರಿನಿಂದ ಎರಡೂವರೆ ಗಂಟೆ ವಿಮಾನ, ಪೋರ್ಟ್ ಬ್ಲೇರ್‌ನಿಂದ (2024ರಿಂದ ಅದು ಶ್ರೀ ವಿಜಯಪುರಂ) ಫೆರ್ರಿ. ಗಾಳಿ ಎದ್ದರೆ ಫೆರ್ರಿ ರದ್ದು. ಹಿಂತಿರುಗುವ ವಿಮಾನಕ್ಕೆ ಹಿಂದಿನ ದಿನವೇ ಪೋರ್ಟ್ ಬ್ಲೇರ್ ಸೇರಿರಿ.

ಮಾಲ್ಡೀವ್ಸ್‌ಗೆ ವೀಸಾ ಅಲ್ಲಿ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ, ಪ್ರಯಾಣಕ್ಕೆ ಮುಂಚಿನ 96 ಗಂಟೆಯೊಳಗೆ ಆನ್‌ಲೈನ್ ಘೋಷಣೆ ತುಂಬಬೇಕು. ರೆಸಾರ್ಟ್ ದುಬಾರಿ ಎನ್ನುವವರಿಗೆ ಸ್ಥಳೀಯರ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಇವೆ, ಅಲ್ಲಿ ಮದ್ಯ ಇಲ್ಲ. ಮನೆಯವರು ಪ್ರೀತಿಯಿಂದ ಕಟ್ಟಿಕೊಟ್ಟ ಹಂದಿ ಉಪ್ಪಿನಕಾಯಿ, ಮನೆಯ ವೈನ್ ಎರಡನ್ನೂ ಕಸ್ಟಮ್ಸ್ ಬಿಡುವುದಿಲ್ಲ. ಇನ್ನೊಂದು ಮುಖ್ಯ: ಬೇಟೆಗೋ ಕೋವಿ ಪೂಜೆಯ ಕೈಲ್‌ಪೊಳ್ದ್ ಹಬ್ಬಕ್ಕೋ ಬಳಸಿದ ಬ್ಯಾಗನ್ನು ಪ್ರಯಾಣಕ್ಕೆ ತೆಗೆದುಕೊಳ್ಳಬೇಡಿ. ಮೂಲೆಯ ಜೇಬಿನಲ್ಲಿ ಉಳಿದ ಒಂದೇ ಒಂದು ತೋಟಾ ಎಕ್ಸ್‌ರೇಯಲ್ಲಿ ಕಂಡರೆ ಪ್ರವಾಸ ಅಲ್ಲಿಗೇ ಮುಗಿಯಿತು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗಿರುವ ವಿನಾಯಿತಿ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ.

ಘಟ್ಟದ ಲೆಕ್ಕ

ನೀರಿನೊಳಗೆ ಒತ್ತಡದಲ್ಲಿ ಉಸಿರಾಡಿದಾಗ ರಕ್ತ, ಮಾಂಸಖಂಡಗಳಲ್ಲಿ ಸಾರಜನಕ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಯಾಗುತ್ತದೆ. ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವುದು: ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನದ ಡೈವ್ ಆಗಿದ್ದರೆ 18 ಗಂಟೆ ಕಾಯಿರಿ. ಇದನ್ನು ಎಲ್ಲರೂ ವಿಮಾನಕ್ಕೆ ಮಾತ್ರ ಎಂದುಕೊಳ್ಳುತ್ತಾರೆ. ಸೂಚನೆ ಇರುವುದು ಸುಮಾರು 600ರಿಂದ 2,400 ಮೀಟರ್ ಎತ್ತರಕ್ಕೆ. ಮಡಿಕೇರಿ ಇರುವುದು 1,100 ಮೀಟರ್‌ಗಿಂತ ಮೇಲೆ. ಕುಶಾಲನಗರ, ಗೋಣಿಕೊಪ್ಪ ಕೂಡ 800 ದಾಟಿವೆ.

ಸಿಕ್ಕಿಬೀಳುವುದು ನೇತ್ರಾಣಿಗೆ ಹೋದವರು. ಬೆಳಿಗ್ಗೆ ಎರಡು ಡೈವ್, ಮಧ್ಯಾಹ್ನ ಒಂದಕ್ಕೆ ಮುರುಡೇಶ್ವರದ ದಡ, ಊಟ ಮುಗಿಸಿ ಕಾರು ಹತ್ತಿದರೆ ಸುಮಾರು 250 ಕಿಲೋಮೀಟರ್ ದಾಟಿ ರಾತ್ರಿ ಒಂಬತ್ತಕ್ಕೆಲ್ಲ ಸಂಪಾಜೆ ಘಟ್ಟ. ಡೈವ್ ಮುಗಿದು ಹತ್ತು ಗಂಟೆಯೂ ಆಗಿರುವುದಿಲ್ಲ. ಮುರುಡೇಶ್ವರದಲ್ಲೋ ಮಂಗಳೂರಿನಲ್ಲೋ ಸುಳ್ಯದಲ್ಲೋ ರಾತ್ರಿ ಮಲಗಿ, ಮರುದಿನ ತಿಂಡಿ ಮುಗಿಸಿ ಘಟ್ಟ ಹತ್ತಿ. ಶಿರಾಡಿ, ಮಾಕುಟ್ಟ, ಚಾರ್ಮಾಡಿ ಎಲ್ಲಿಂದ ಬಂದರೂ ಇದೇ ಮಾತು. ಲಕ್ಷದ್ವೀಪದಿಂದ ಹಡಗಿನಲ್ಲಿ ಬರುವವರ ಕಾಯುವಿಕೆ ಬಹುಪಾಲು ಹಡಗಿನಲ್ಲೇ ಮುಗಿಯುತ್ತದೆ, ಹಡಗಿಗೆ ಈ ಒಂದು ಲಾಭ ಉಂಟು. ವಿಮಾನದಲ್ಲಿ ಬರುವವರು ಹೇಗೂ ಮೊದಲೇ ಕಾದಿರುತ್ತಾರೆ.

ಗುಳ್ಳೆಯ ಲಕ್ಷಣಗಳಾದ ಕೀಲುನೋವು, ಚರ್ಮದ ಮೇಲೆ ಕೆಂಪು ಮಚ್ಚೆ, ಜೋಮು, ಕಾರಣವಿಲ್ಲದ ಸುಸ್ತು ಕಂಡರೆ ಊರಿಗೆ ಹೋಗಿ ಮಲಗೋಣ ಎನ್ನಬೇಡಿ. ಶುದ್ಧ ಆಮ್ಲಜನಕ ಕೊಡಿಸಿ, ತಗ್ಗಿನಲ್ಲೇ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ಕೇಂದ್ರಕ್ಕೆ ಫೋನ್ ಮಾಡಿದಾಗ

ಒಬ್ಬ ಗೈಡ್‌ಗೆ ಎಷ್ಟು ಜನ? ನಾಲ್ಕಕ್ಕಿಂತ ಹೆಚ್ಚಾದರೆ ಬೇರೆ ಕಡೆ ನೋಡಿ. ಬೋಟ್‌ನಲ್ಲೇ ಆಮ್ಲಜನಕದ ಕಿಟ್ ಇದೆಯೇ? ಗುಳ್ಳೆಯಾದವರಿಗೆ ಚಿಕಿತ್ಸೆ ಕೊಡುವ ಒತ್ತಡ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ, ತಲುಪಲು ಎಷ್ಟು ಹೊತ್ತು? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಉಳಿದದ್ದು ಕೇಳುವ ಅಗತ್ಯವಿಲ್ಲ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೂಬಾ ಹಲವು ಸಲ ಸೇರಿರುವುದಿಲ್ಲ, ಸೇರಿದರೂ ಆಳದ ಮಿತಿ ಇರುತ್ತದೆ, ಓದಿ.

ಬೋಟ್ ಹತ್ತಿದ ಮೇಲೆ ಎರಡು ಪರೀಕ್ಷೆ ನೀವೇ ಮಾಡಿ. ಬಾಯಿಗಿಟ್ಟು ಉಸಿರಾಡುವ ರೆಗ್ಯುಲೇಟರ್‌ನಲ್ಲಿ ನಾಲ್ಕು ಸಲ ಉಸಿರೆಳೆಯುತ್ತಾ, ಸಿಲಿಂಡರ್‌ನ ಒತ್ತಡ ತೋರಿಸುವ ಗೇಜ್‌ನ ಮುಳ್ಳನ್ನು ನೋಡಿ. ಉಸಿರಿಗೊಮ್ಮೆ ಅದು ಕೆಳಗೆ ಬಿದ್ದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಮೇಲೆ ಸರಿಯಿದ್ದಂತೆ ಕಂಡರೂ ಆಳದಲ್ಲಿ ಗಾಳಿ ಸಾಲದು. ಗಾಳಿಗೆ ಎಣ್ಣೆಯ ವಾಸನೆ ಅಥವಾ ರುಚಿ ಇದ್ದರೆ ಆ ಸಿಲಿಂಡರ್ ಬೇಡವೇ ಬೇಡ.

ಮೀಸೆ ಇರುವವರಿಗೆ ಮಾಸ್ಕ್ ಸೋರುತ್ತದೆ. ಕೊಡಗಿನ ಮೀಸೆಗೆ ಇನ್ನೂ ಚೆನ್ನಾಗಿ ಸೋರುತ್ತದೆ. ಪೂರ್ತಿ ಬೋಳಿಸಬೇಕಿಲ್ಲ, ಮೂಗಿನ ಕೆಳಗೆ ಸಿಲಿಕೋನ್ ಅಂಚು ಕೂರುವಷ್ಟು, ಅರ್ಧ ಸೆಂಟಿಮೀಟರ್ ಪಟ್ಟಿ ತೆಗೆದರೆ ಸಾಕು. ಅದಕ್ಕೂ ಮನಸ್ಸಿಲ್ಲದಿದ್ದರೆ ಸಿಲಿಕೋನ್ ಗ್ರೀಸ್ ಸವರಿ. ಬಾಡಿಗೆ ಸಾಮಾನಿನಲ್ಲಿ ಬೇರೆ ಏನನ್ನಾದರೂ ಒಪ್ಪಿಕೊಳ್ಳಿ, ಮಾಸ್ಕ್ ಮಾತ್ರ ಸ್ವಂತದ್ದಿರಲಿ. ಅಂಗಡಿಯಲ್ಲಿ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮ ಅಳತೆ.

ಊರಿಗೆ ಬಂದ ಮೇಲೆ ಮಾಸ್ಕನ್ನು ಸಿಹಿನೀರಲ್ಲಿ ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಒಣಗಿಸಿ. ಕಾಫಿ ಕಣದ ಬಿಸಿಲು ಸಿಲಿಕೋನ್‌ಗೆ ಆಗದು. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆ ವಾಸನೆ ಹಿಡಿದರೆ ಮುಂದಿನ ಡೈವ್‌ವರೆಗೂ ಹೋಗುವುದಿಲ್ಲ. ಜುಲೈ ತೇವಕ್ಕೆ ಮಾಸ್ಕ್‌ನ ಅಂಚಿನಲ್ಲಿ ಕಪ್ಪು ಬೂಷ್ಟು ಬರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಿ.